ತರಗತಿಯಾಚೆಗಿನ ಹೊಣೆ

ಪುಸ್ತಕ ಇರಿಸಿಕೊಳ್ಳುವುದು ಅಪರಾಧವೇ? ಅಜೆಕಾರಿನಂತಹ ಘಟ್ಟದ ತಪ್ಪಲಿನ ಊರುಗಳು ಈ ಪ್ರಶ್ನೆಯನ್ನು ಮರೆಯುವಂತಿಲ್ಲ. ಇದೇ ಘಟ್ಟದಂಚಿನ, ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಆದಿವಾಸಿ ಯುವಕ, ಮಂಗಳೂರು ವಿಶ್ವವಿದ್ಯಾನಿಲಯದ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯ ಹಾಗೂ ಅವರ ತಂದೆಯನ್ನು 2012ರ ಮಾರ್ಚ್‌ನಲ್ಲಿ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಲಾಯಿತು. ಭಗತ್ ಸಿಂಗ್ ಕುರಿತ ಪುಸ್ತಕವೂ ಅವರ ವಿರುದ್ಧದ ಪುರಾವೆಗಳ ಸಾಲಿಗೆ ಸೇರಿತು. 2021ರ ಅಕ್ಟೋಬರ್‌ನಲ್ಲಿ ನ್ಯಾಯಾಲಯವು ಇಬ್ಬರನ್ನೂ ದೋಷಮುಕ್ತಗೊಳಿಸಿತು. ಆದರೆ ಆ ಒಂಬತ್ತು ವರ್ಷಗಳನ್ನು ಹಿಂದಿರುಗಿಸುವವರಾರು?

ಓದುವ, ಪ್ರಶ್ನಿಸುವ ಹಕ್ಕಿಗೇ ಸಂಚಕಾರ ಬಂದಾಗ ಅಧ್ಯಾಪಕರ ಹೊಣೆ ಪಾಠದೊಂದಿಗೆ ಮುಗಿಯುವುದಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಜಯಪ್ರಕಾಶ ನಾರಾಯಣರು ಹುಟ್ಟುಹಾಕಿದ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ರಾಜ್ಯಾಧ್ಯಕ್ಷರಾಗಿದ್ದ ಪ್ರೊ. ಹಸನ್ ಮನ್ಸೂರ್ ಈ ಮಾತಿಗೆ ನಿದರ್ಶನ. ಘಟನೆ ನಡೆದಲ್ಲಿಗೆ ತೆರಳುವುದು, ನೊಂದವರ ಮಾತು ಆಲಿಸುವುದು, ಸತ್ಯವನ್ನು ದಾಖಲಿಸಿ ಆಡಳಿತದ ಮುಂದಿರಿಸುವುದು: ಸಂಬಳವಿಲ್ಲದ, ಸನ್ಮಾನವಿಲ್ಲದ ಸೇವೆಯಿದು.

ಬಂಧಿತನ ಹೆಸರು, ಜಾತಿ, ಧರ್ಮ ನೋಡಿ ಕನಿಕರಿಸುವುದು ನ್ಯಾಯಪ್ರಜ್ಞೆಯಲ್ಲ. ಮಲೆಕುಡಿಯರ ಮಗನಿಗಾಗಿ ದನಿಯೆತ್ತದ ಸಮುದಾಯಕ್ಕೆ, ನಾಳೆ ತನ್ನ ಮಗನಿಗಾಗಿ ಇತರರ ಬೆಂಬಲ ಕೇಳುವ ನೈತಿಕ ಬಲವಿರದು. ಮಕ್ಕಳನ್ನು ಪದವಿಗಾಗಿ ಕಾಲೇಜಿಗೆ ಕಳುಹಿಸುತ್ತಿರುವ ನಾವು, ಅವರಿಗೆ ಈ ಧೈರ್ಯವನ್ನೂ ಕಲಿಸಬೇಕಾಗಿದೆ.