ಸರಪಳಿಯ ನಾಡಿ

ಭಾಗ್ಯನಗರದ ನೇಕಾರನು ನೇಯುತ್ತಿರುವಾಗಲೇ ಹಾಸಿನ ಎಳೆಗಳ ಮೇಲೆ ಬೆರಳಾಡಿಸಿ ಬಿಗಿಯನ್ನು ನೋಡುತ್ತಾನೆ. ಎಳೆ ಹರಿದ ಮೇಲೆ ಗಂಟು ಹಾಕಬಹುದು, ನಿಜ. ಮುನ್ನವೇ ತಿಳಿದರೆ ಸೀರೆಗೆ ಊನವಿಲ್ಲ.

ಅದೇ ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟಿದೆ. 1953ರಲ್ಲಿ ನೀರು ನಿಲ್ಲಿಸಿದ ಈ ಕಟ್ಟೆಗೆ 33 ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯವು ತುಂಬಿ ನಿಂತಿದ್ದಾಗ, 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ ಒಂದು ವಾರದೊಳಗೆ ಬಾಯಿ ಮುಚ್ಚಿದರು. ಅಷ್ಟರಲ್ಲಿ 30 ಟಿ.ಎಂ.ಸಿ.ಗೂ ಮಿಕ್ಕಿ ನೀರು ನದಿಯ ಪಾಲಾಗಿತ್ತು. ವರುಣನ ಕೃಪೆ! ಆ ವರ್ಷದ ಮಳೆ ಕಟ್ಟೆಯನ್ನು ಮತ್ತೆ ತುಂಬಿತು.

ಸರಪಳಿಗೂ ನೇಕಾರನ ಬೆರಳನ್ನು ಒದಗಿಸಬಹುದೇ? ಒದಗಿಸಬಹುದು. ಅದರ ಹೆಸರು ಸೆನ್ಸರ್. ಕೂದಲಿನಂತಹ ಲೋಹದ ತಂತಿಯನ್ನು ಕೊಂಡಿಗೆ ಅಂಟಿಸುತ್ತಾರೆ. ಕೊಂಡಿ ಹಿಗ್ಗಿದರೆ ತಂತಿಯೂ ಹಿಗ್ಗಿ ತೆಳುವಾಗುತ್ತದೆ. ಅದರಲ್ಲಿ ವಿದ್ಯುತ್ತಿನ ಹರಿವಿಗೆ ಅಡ್ಡಿ ಹೆಚ್ಚುತ್ತದೆ. ಆ ಹೆಚ್ಚಳವನ್ನು ಅಳೆದರೆ ಸರಪಳಿ ಹೊತ್ತ ಭಾರ ತಿಳಿಯುತ್ತದೆ. ಎಡಬದಿಯ ಸರಪಳಿಗೂ ಬಲಬದಿಯದಕ್ಕೂ ಭಾರದಲ್ಲಿ ಅಂತರ ಬೆಳೆಯುತ್ತಿದ್ದರೆ ಗೇಟು ಎಲ್ಲಿಯೋ ಬಿಗಿಯುತ್ತಿದೆಯೆಂದು ಶಂಕಿಸಬಹುದು. ತುಕ್ಕನ್ನು ಮಾತ್ರ ಈ ತಂತಿ ಕಾಣದು. ಅದಕ್ಕೆ ಕಿವಿಗೆ ಕೇಳದ ಧ್ವನಿಯನ್ನು ಉಕ್ಕಿನೊಳಗೆ ಕಳುಹಿಸಿ, ಮರುದನಿ ಬರುವ ಕಾಲದಿಂದ ಉಳಿದಿರುವ ದಪ್ಪವನ್ನು ಅಳೆಯಬೇಕು.

ಇದು ದೂರದ ದೇಶದ ಕಥೆಯಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣವನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಉದ್ಘಾಟಿಸಲಾಯಿತು. ಅಲ್ಲಿ ಗೇಟುಗಳೇ ನೀರನ್ನು ಅಳೆದು ವರದಿ ಒಪ್ಪಿಸುತ್ತವೆ. ದೂರದ ಕೊಠಡಿಯಿಂದಲೇ ಅವುಗಳನ್ನು ಏರಿಸಿ ಇಳಿಸಬಹುದು. ನೀರುಗಂಟಿ ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ತರುತ್ತಿದ್ದ ಲೆಕ್ಕವದು.

ಖರ್ಚಿನ ಮಾತು ಬಂದರೆ ನಮ್ಮವರು ಕೈ ಬಿಗಿಹಿಡಿಯುತ್ತಾರೆ. ಗೇಟು ಕಟ್ಟುವಾಗ ಸಿಗುವ ಹಣ, ಅದನ್ನು ಕಾಯುವಾಗ ಸಿಗುವುದಿಲ್ಲ. ಯಂತ್ರ ಕೂಗಿದಾಗ ಎದ್ದು ಹೋಗಿ ನೋಡಬೇಕಾದ ನೌಕರನ ಹುದ್ದೆ ಖಾಲಿಯಿದ್ದರಂತೂ ಸೆನ್ಸರ್ ಬರಿಯ ಆಭರಣ. 19ನೆಯ ಗೇಟಿನ ಬಾಕಿ ಇನ್ನೂ ತೀರಿರಲಿಲ್ಲ: ಮರುವರ್ಷ, 2025ರಲ್ಲಿ, ನೂರು ಟಿ.ಎಂ.ಸಿ. ಮೀರಿ ಹಿಡಿಯುವ ಕಟ್ಟೆಯಲ್ಲಿ ಸುರಕ್ಷತೆಗಾಗಿ 80 ಟಿ.ಎಂ.ಸಿ.ಗೇ ಸಂಗ್ರಹವನ್ನು ನಿಲ್ಲಿಸಿ, ಬಂದ ನೀರನ್ನು ಹೊಳೆಗೆ ಬಿಟ್ಟರು.