ಹೀಚಿಗಳ ಹಡಗು, ಹಟ್ಟಿಯ ಗಣಿ

ಎಂದೋ ಕಣ್ಮರೆಯಾದ ಅನ್ಯಲೋಕದವರ ಯಂತ್ರ ಮನುಷ್ಯನ ಕೈಗೆ ಸಿಗುತ್ತದೆ. ಅದನ್ನು ಏರಿ ಅವನು ಕಾಣದ ಲೋಕಗಳಿಗೆ ಹೊರಡುತ್ತಾನೆ. ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ಹೀಗೆ ಸಾಗುವ ಕಥೆಗಳದ್ದೇ ಒಂದು ಕವಲು. ಆರ್ಥರ್ ಕ್ಲಾರ್ಕ್ ಬರೆದ ‘ದಿ ಸೆಂಟಿನೆಲ್’ (1951) ಕಥೆಯಲ್ಲಿ ಅಂಥ ಪುರಾತನ ವಸ್ತು ಚಂದ್ರನ ಮೇಲೆ ಕಾದು ಕೂತಿದೆ. ಸ್ಟ್ರುಗಾಟ್ಸ್ಕಿ ಸಹೋದರರ ‘ರೋಡ್‌ಸೈಡ್ ಪಿಕ್ನಿಕ್’ನಲ್ಲಿ (1972) ಬಂದುಹೋದವರು ಉಳಿಸಿದ ಕಸವನ್ನೇ ಜನ ಪ್ರಾಣ ಒತ್ತೆಯಿಟ್ಟು ಆಯುತ್ತಾರೆ. ಈ ಕವಲಿನ ಮುಖ್ಯ ಕೃತಿ ಫ್ರೆಡ್ರಿಕ್ ಪೋಲ್ ಅವರ ‘ಗೇಟ್‌ವೇ’ (1977). ಹೀಚಿ ಎಂಬ ಜೀವಿಗಳು ಬಿಟ್ಟುಹೋದ ಕ್ಷುದ್ರಗ್ರಹವೊಂದರಲ್ಲಿ ನೂರಾರು ಹಡಗುಗಳು ನಿಂತಿವೆ. ಹಡಗು ತಾನೇ ಹೋಗಿ ತಾನೇ ಮರಳುತ್ತದೆ. ಎಲ್ಲಿಗೆ, ಎಷ್ಟು ದಿನಕ್ಕೆ, ಕಟ್ಟಿಕೊಂಡ ಬುತ್ತಿ ಸಾಲುತ್ತದೆಯೇ ಎಂಬುದು ಹತ್ತಿದವರಿಗೆ ತಿಳಿಯದು. ಯಂತ್ರ ನಡೆಯುವುದು ಗೊತ್ತು, ನಡೆಯುವ ಬಗೆ ಗೊತ್ತಿಲ್ಲ. ಕಥೆಯ ಕಸುವೆಲ್ಲ ಇಲ್ಲಿದೆ. ಬೇರೆ ಲೋಕಗಳ ವರ್ಣನೆಯಲ್ಲಿ ಇರುವುದು ಕಡಿಮೆ.

 

ಹೀಚಿಗಳ ಹಡಗು ಹತ್ತುವವರನ್ನು ಪೋಲ್ ‘ಪ್ರಾಸ್ಪೆಕ್ಟರ್’ ಎನ್ನುತ್ತಾರೆ. ಅದು ಚಿನ್ನ ಹುಡುಕುವವರಿಗೆ ಇದ್ದ ಹೆಸರು. ಆ ಕಸುಬಿನ ನೆಲ ನಮ್ಮಲ್ಲೂ ಇದೆ, ರಾಯಚೂರು ಜಿಲ್ಲೆಯ ಮುದಗಲ್ ಬಳಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನಿಜಾಮರ ಕಾಲದ ಗಣಿಗಾರರಿಗೆ ಅದಿರಿನ ಜಾಡು ತೋರಿಸಿದ್ದು, ಅವರಿಗಿಂತ ಬಹಳ ಹಿಂದೆ ಯಾರೋ ತೋಡಿ ಬಿಟ್ಟ ಗುಂಡಿಗಳು. ಅವುಗಳಲ್ಲಿ ಕೆಲವು 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಒಳಗೆ ಸಿಕ್ಕ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷ ಹಳೆಯವೆಂದು ಇಂಗಾಲ ಪರೀಕ್ಷೆ ಹೇಳಿತು. ಆಗ ಸಿಡಿಮದ್ದು ಇರಲಿಲ್ಲ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ನೀರೆರಚಿ ಬಿರುಕು ಬಿಡಿಸಿ, ಒಡೆದ ಕಲ್ಲನ್ನು ಮೇಲಕ್ಕೆ ಹೊತ್ತು ತಂದು ಬಂಡೆಗುಳಿಗಳಲ್ಲಿ ಕುಟ್ಟುತ್ತಿದ್ದರು. ಅಷ್ಟು ಆಳದಲ್ಲಿ ಬೆಂಕಿಯ ಹೊಗೆಯನ್ನು ಹೇಗೆ ಹೊರಗಟ್ಟಿದರು ಎಂಬ ಪ್ರಶ್ನೆಯೊಂದೇ ಒಂದು ಕಾದಂಬರಿಗೆ ಸಾಕು.

1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಇದೇ ಜಿಲ್ಲೆಯ ಮಸ್ಕಿಯ ಗುಡ್ಡದಲ್ಲಿ ಕಂಡದ್ದು ಚಿನ್ನವಲ್ಲ, ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ. ಓದುವವರೇ ಇಲ್ಲದೆ ಶತಮಾನಗಟ್ಟಲೆ ಮೂಕವಾಗಿದ್ದ ಆ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬಿಡಿಸಿದ್ದರು. ಶಾಸನಗಳ ‘ದೇವಾನಾಂಪಿಯ’ ಅಶೋಕನೇ ಎಂದು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಿಯೂ ಆಗಿತ್ತು. ಆದರೆ ಬಿರುದಿನ ಜೊತೆಗೆ ಅಶೋಕನೆಂಬ ಹೆಸರು ಕೆತ್ತಿದ ಕಲ್ಲು ಮೊದಲು ದೊರೆತದ್ದು ಮಸ್ಕಿಯಲ್ಲಿ. ‘ಗೇಟ್‌ವೇ’ಯಲ್ಲಿ ಹೀಚಿಗಳ ಹಡಗಿಗೆ ಇಂಥ ಒಬ್ಬ ಪ್ರಿನ್ಸೆಪ್ ಸಿಗುವುದಿಲ್ಲ, ಸಿಕ್ಕಿದ್ದರೆ ಪೋಲ್ ಅವರ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಹಳೆಯ ಕೆಲಸದ ಒಡೆಯರು ಮರೆತುಹೋದಾಗ ಅದನ್ನು ಮನುಷ್ಯರಲ್ಲದವರ ಲೆಕ್ಕಕ್ಕೆ ಬರೆಯುವ ರೂಢಿ ಹಳೆಯದು. ಎರಿಕ್ ಫಾನ್ ಡ್ಯಾನಿಕೆನ್ 1968ರ ತಮ್ಮ ಪುಸ್ತಕದಲ್ಲಿ ಪ್ರಾಚೀನ ಕಟ್ಟಡಗಳ ಹಿಂದೆ ಆಕಾಶದ ಅತಿಥಿಗಳನ್ನು ಕಂಡರು. ಕಥೆಯೆಂದು ಬರೆದಿದ್ದರೆ ಸೊಗಸಾಗುತ್ತಿತ್ತು. ಇತಿಹಾಸವೆಂದು ಬರೆದದ್ದು ಕಟ್ಟಿದವರ ಬೆವರಿಗೆ ಮಾಡಿದ ಅನ್ಯಾಯ. ಹಟ್ಟಿ, ಮಸ್ಕಿಗಳ ಈ ಸೀಮೆಯಲ್ಲಿ ಆ ಪಾತ್ರ ರಾಕ್ಷಸ, ವಾನರರದ್ದು. ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎಂದರು, ಕುಡತಿನಿಯದನ್ನು ರಾಕ್ಷಸನದು ಎಂದರು. 1952ರಲ್ಲಿ ಮುದಗಲ್ ಸಮೀಪದ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ತೆರೆದು ತೋರಿಸಿದ ಪುರಾತತ್ವಜ್ಞ ಆಲ್ಚಿನ್, ಐದು ವರ್ಷಗಳ ನಂತರ ಕೃಷ್ಣೆಯ ಆಚೆಯ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆಸಿದರು. ಅದು ದೊಡ್ಡಿಯಲ್ಲಿ ಒಟ್ಟಿದ ಸಗಣಿ ಮತ್ತೆ ಮತ್ತೆ ಉರಿದು ಎದ್ದ ದಿಬ್ಬವಾಗಿತ್ತು. ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು ಮೂಡಿದಂತೆಯೇ ಉಳಿದಿತ್ತು.