ಬಚ್ಚಲ ಗೋಡೆಯ ಆಚೆ

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಯೆಂದರೆ ಒಂದು ಬೀರು ತುಂಬ ಪುಸ್ತಕ. ಕಳೆದ ಮಳೆಗಾಲದಲ್ಲಿ ಅದರ ಕೆಳಗಣ ಸಾಲನ್ನು ತೆಗೆದು ನೋಡುತ್ತೇನೆ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಂಚುಗಳಲ್ಲಿ ಅವರು ನೀಲಿ ಶಾಯಿಯಿಂದ ಬರೆದಿದ್ದ ಟಿಪ್ಪಣಿಗಳು ಕದಡಿಹೋಗಿವೆ. ಬೀರುವಿನ ಹಿಂದಿನ ಗೋಡೆಯ ಬಣ್ಣ ಹೊಪ್ಪಳೆಯೆದ್ದು, ಬಿಳಿಯ ಉಪ್ಪು ಹೂವಿನಂತೆ ಅರಳಿದೆ. ಆ ಗೋಡೆಯ ಆಚೆಗೆ ನಮ್ಮ ಬಚ್ಚಲುಮನೆ.

ಟೈಲು ಹೊದಿಸಿದ ಗೋಡೆಯಲ್ಲಿ ನೀರು ಹೇಗೆ ಇಳಿದೀತು? ಇದು ಮೇಲಂತಸ್ತಿನವರದೇ ಕೆಲಸವೆಂದು ನಾನು ನಿಶ್ಚಯಿಸಿದೆ. ನಿಶ್ಚಯಿಸಿ ಸುಮ್ಮನಿರದೆ, ಮೆಟ್ಟಿಲ ಮೇಲೆ ಎದುರಾದ ಆ ಮನೆಯ ಹಿರಿಯರಿಗೆ ನಾಲ್ಕು ಮಾತು ಆಡಿಯೂಬಿಟ್ಟೆ. ಅಧ್ಯಾಪಕನಿಗೆ ಮಾತಿನ ಬಡತನವಿಲ್ಲ.

ಮೊದಲು ಬಂದ ಮೇಸ್ತ್ರಿ ಸಂದುಗಳನ್ನು ಆಸಿಡ್ಡಿನಿಂದ ತಿಕ್ಕಿ, ಬಿಳಿ ಸಿಮೆಂಟು ಮೆತ್ತಿ ಹೋದನು. ಆಸಿಡ್ಡು ಸಿಮೆಂಟನ್ನೇ ತಿನ್ನುತ್ತದೆಂಬುದು ನನಗೆ ಆಮೇಲೆ ತಿಳಿಯಿತು. ತಿಂಗಳೊಳಗೆ ತೇವ ಮರಳಿತು. ಎರಡನೆಯವರು ವಯಸ್ಸಾದವರು. ಉಳಿಯನ್ನು ಚೀಲದಿಂದ ತೆಗೆಯಲೇ ಇಲ್ಲ. "ಎರಡು ವಾರ ಷವರು ಮುಟ್ಟಬೇಡಿ ಸಾರ್, ಅದೇ ಮೂಲೆಯಲ್ಲಿ ಬಕೆಟ್ಟಿನಲ್ಲಿ ಸ್ನಾನ ಮಾಡಿ" ಎಂದರು. ಗೋಡೆ ಒಣಗತೊಡಗಿತು. ಗೋಡೆಯೊಳಗಣ ನೀರಿನ ಕೊಳವೆ ಒಡೆದಿದ್ದರೆ ಷವರು ನಿಲ್ಲಿಸಿದರೂ ತೇವ ಆರುತ್ತಿರಲಿಲ್ಲ; ನೆಲವೋ ಮೋರಿಯೋ ಸೋರುತ್ತಿದ್ದರೆ ಬಕೆಟ್ಟಿನ ನೀರಿಗೂ ಸೋರಬೇಕಿತ್ತು; ಮೇಲಿನಿಂದ ಬರುವುದಾದರೆ ಮೊದಲು ಸೂರು ನೆನೆಯಬೇಕಿತ್ತು. ಉಳಿದದ್ದು ಷವರಿನ ನೀರು ಬಡಿಯುವ ಗೋಡೆಯೊಂದೇ. ತರ್ಕಶಾಸ್ತ್ರ ಓದಿದ ನನಗೆ ಇದು ಹೊಳೆಯಲಿಲ್ಲವಲ್ಲ!

ಟೈಲಿನ ಹೊಳಪಿನೊಳಗೆ ನೀರು ಇಳಿಯದು, ನಿಜ. ಆದರೆ ಸಂದಿನ ಸಿಮೆಂಟು ಸೂಕ್ಷ್ಮ ರಂಧ್ರಗಳ ವಸ್ತು. ಬತ್ತಿ ಎಣ್ಣೆಯನ್ನು ಹೀರುವಂತೆ ನೀರನ್ನು ಹೀರುತ್ತದೆ. ಟೈಲಿನ ಬೆನ್ನಿಗೆ ಅಲ್ಲಲ್ಲಿ ಗಾರೆಯ ಉಂಡೆ ಇಟ್ಟು ಅಂಟಿಸಿದ್ದರೆ ನಡುವಣ ಟೊಳ್ಳಿನಲ್ಲಿ ಆ ನೀರು ನಿಲ್ಲುತ್ತದೆ. ಬೆರಳಿನಿಂದ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಹಂಡೆಯ ಮುಂದೆ ಕುಳಿತು ಚೊಂಬಿನಿಂದ ಮಿಂದ ಕಾಲದಲ್ಲಿ ಗೋಡೆಗೆ ಸಿಡಿಯುತ್ತಿದ್ದದ್ದು ಮೊಳ ಎತ್ತರದ ಹನಿ. ಈಗ ಆಳೆತ್ತರದ ಗೋಡೆ ಪ್ರತಿದಿನ ತೋಯುತ್ತದೆ.

ಆದುದರಿಂದ ಕಾವಲು ಇರಬೇಕಾದದ್ದು ಟೈಲಿನ ಹಿಂದೆ. ಹಳೆಯ ಟೈಲುಗಳನ್ನು ಷವರಿನ ಎತ್ತರದವರೆಗೆ ಕಿತ್ತು, ಗೋಡೆಯನ್ನು ಆರಬಿಟ್ಟು, ಹೊಸ ಗಾರೆಯ ಮೇಲೆ ಪಾಲಿಮರ್ ಬೆರೆತ ಸಿಮೆಂಟಿನ ಜಲನಿರೋಧಕ ಲೇಪವನ್ನು ಎರಡು ಸಲ ಬಳಿದರು. ಮೊದಲನೆಯದು ಆರಿದ ಮೇಲೆ ಎರಡನೆಯದನ್ನು ಅಡ್ಡಡ್ಡಲಾಗಿ. ಮೂಲೆಗಳಿಗೂ ಕೊಳವೆ ಹೊರಬರುವ ತೂತುಗಳ ಸುತ್ತಲಿಗೂ ಬಲೆಬಟ್ಟೆಯ ಪಟ್ಟಿ. ಲೇಪವು ನೆಲಕ್ಕೂ ಇಳಿದು ಒಂದಾಗಬೇಕು. ನೆಲದಲ್ಲಿ 24 ಗಂಟೆ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಿದ ನಂತರವೇ ಟೈಲು. ಈ ಬಾರಿ ಟೈಲಿನ ಬೆನ್ನು ತುಂಬ ಅಂಟು ಹರಡಿದರು. ಸಂದುಗಳಿಗೆ ಎಪಾಕ್ಸಿ ತುಂಬಿದರು. ಅದು ನೀರನ್ನು ಹೀರುವುದು ಅತ್ಯಲ್ಪ, ಬೆಲೆ ಮಾತ್ರ ಹೆಚ್ಚು. ಗೋಡೆ ಗೋಡೆ ಕೂಡುವ ಮೂಲೆಯಲ್ಲಿ ಗಟ್ಟಿ ಗಾರೆ ಬಿರಿಯುತ್ತದಾದ್ದರಿಂದ ಅಲ್ಲಿ ಬಾಗುವ ಸಿಲಿಕೋನ್. ಅದು ಕಪ್ಪಾಗಿ ಎದ್ದುಬಂದಾಗ ಕಿತ್ತು ಹೊಸದು ಹಾಕಬೇಕು. ಸ್ನಾನವಾದ ಮೇಲೆ ಕಿಟಕಿ ತೆರೆದಿಡುವುದೂ, ರಬ್ಬರು ಪಟ್ಟಿಯಿಂದ ಗೋಡೆಯ ನೀರನ್ನು ಕೆಳಗೆಳೆಯುವುದೂ ನಮ್ಮ ಮನೆಯಲ್ಲಿ ಈಗ ನಿಯಮ. ಅದನ್ನು ಮುರಿಯುವವನು ಹೆಚ್ಚಾಗಿ ನಾನೇ ಎಂದು ಮನೆಯವರ ದೂರು.

ಕೆಲಸ ಮುಗಿದ ಭಾನುವಾರ ಮೇಲಂತಸ್ತಿಗೆ ಹತ್ತಿ ಕ್ಷಮೆ ಕೇಳಿದೆ. ಹಿರಿಯರು ಕಾಫಿ ಕೊಡಿಸಿ, ಏನನ್ನೂ ಹೇಳದೆ ತಮ್ಮ ಬಚ್ಚಲಿನ ಬಾಗಿಲು ತೆರೆದು ತೋರಿಸಿದರು. ಗೋಡೆ ಒಣಗಿತ್ತು. ಷವರಿನ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಅದರ ಕೆಳಗೆ ಒಂದು ಮಣೆ, ಒಂದು ಬಕೆಟ್ಟು, ಒಂದು ಹಿತ್ತಾಳೆಯ ಚೊಂಬು.